ಅವಸರದ ಸಾಕ್ಷಿ

ಕೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದೆ. ಬಲಗೈ ಏಳಲಿಲ್ಲ. ಗಂಡನನ್ನು ಕೂಗಿದರೆ ಬಾಯಿಂದ ಬಂದದ್ದು ಬರೀ ಉಸಿರು.

ಸ್ಟ್ರೋಕ್.

ಕಡೂರಿನಿಂದ ಆಂಬುಲೆನ್ಸ್‌ನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. "ಬಿಪಿ ಮಾತ್ರೆ ಯಾವಾಗ ನಿಲ್ಲಿಸಿದ್ರು?" ಎಂದು ಡಾಕ್ಟರ್ ಕೇಳಿದಾಗ ನನ್ನವರು, ದೇವದಾಸ್, ತಲೆ ತಗ್ಗಿಸಿದರು. ಉಪವಾಸ ಪ್ರಾರ್ಥನೆಯ ಏಳನೆಯ ದಿನ ನನ್ನ ತಲೆಭಾರ ಇಳಿದಿತ್ತು. ಅಷ್ಟಕ್ಕೇ ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು, "ಕರ್ತನು ನನ್ನನ್ನು ಮುಟ್ಟಿದ್ದಾನೆ, ಮಾತ್ರೆ ಬಿಟ್ಟಿದ್ದೇನೆ" ಎಂದು ಸಾಕ್ಷಿ ಹೇಳಿದ್ದೆ. ಪಾಸ್ಟರ್ ಬಾಗಿಲ ಬಳಿ, "ಡಾಕ್ಟರಿಗೆ ಒಂದ್ಸಲ ತೋರಿಸ್ರಮ್ಮ" ಎಂದಿದ್ದರು. ಪಾಪ, ಅವರಿಗೇ ನಂಬಿಕೆ ಸಾಲದು ಎಂದುಕೊಂಡೆ. ನನ್ನ ಜಂಬಕ್ಕೆ ಭಕ್ತಿಯ ಸೀರೆ ಉಡಿಸಿದ್ದೆ.

ವಾರ್ಡಿನಲ್ಲಿ ಮಲಗಿದ್ದಾಗ ಯಗಟಿಯ ರೂತಮ್ಮ ನೆನಪಾದಳು. ಸಾಕ್ಷಿ ಹೇಳಿದ ದಿನ ನನ್ನ ಕೈ ಹಿಡಿದು ಕಿವಿಯಲ್ಲಿ, "ನಾನೂ ಬಿಟ್ಬಿಡ್ತೀನಿ ಕಣಕ್ಕ" ಎಂದಿದ್ದಳು.

ಅವಳಿಗೂ ಬಿಪಿ.

ಹೇಳಬೇಕು. ನಾಲಿಗೆ ಹೊರಳದು. "ರೂ... ರೂ..." ಎಂದರೆ ನರ್ಸ್ ನೀರು ಕುಡಿಸಿದರು. ಎಡಗೈಯಲ್ಲಿ ಬರೆಯಹೋದರೆ ಬರೀ ಗೀಚು. "ಸುಮ್ನೆ ಮಲಕ್ಕೋ, ಎಲ್ಲಾ ದೇವರು ನೋಡ್ಕೋತಾನೆ" ಎಂದು ದೇವದಾಸ್ ಹೊದಿಕೆ ಎಳೆದರು. ಅತ್ತುಬಿಟ್ಟೆ. ಇಪ್ಪತ್ತು ವರ್ಷ ಮನೆ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸಿದವಳಿಗೆ ಒಂದು ಹೆಸರು ಹೇಳಲಾಗಲಿಲ್ಲ. ವಿಧೇಯತೆಯೆಂದರೆ ಉಪವಾಸ, ನಸುಕಿನ ಪ್ರಾರ್ಥನೆ ಎಂದು ಊರಿಗೆಲ್ಲ ಬೋಧಿಸಿದ್ದೆ. ಒಂದು ಮಾತ್ರೆ ನುಂಗುವುದೂ ಅದರಲ್ಲಿ ಸೇರುತ್ತದೆಂದು ಹೊಳೆದಿರಲಿಲ್ಲ.

ಮೂರು ವಾರಕ್ಕೆ ಡಿಸ್ಚಾರ್ಜ್. ಅಷ್ಟರಲ್ಲಿ ತೊದಲು ಮಾತು ಬಂದಿತ್ತು. ಭಾನುವಾರ ಸಭೆಗೆ ಹೊರಟೆ.

"ಈ ವಾರ ಬೇಡ ಕಣೇ, ಜನ ಆಡ್ಕೋತಾರೆ" ಎಂದರು ದೇವದಾಸ್.

"ಆಡ್... ಲಿ" ಎಂದೆ.

ಹೆಂಗಸರ ಸಾಲಿನಲ್ಲಿ ರೂತಮ್ಮ ಕೂತಿದ್ದಳು. ಬದುಕಿದ್ದಾಳೆ! ನನ್ನ ಎದೆಯ ಭಾರ ಅರ್ಧ ಇಳಿಯಿತು. ಸಾಕ್ಷಿಯ ಹೊತ್ತಿಗೆ ದೇವದಾಸ್ ನನ್ನನ್ನು ಹಿಡಿದು ನಿಲ್ಲಿಸಿದರು. "ಅವತ್ತು... ಹೇಳಿದ್ದು... ತಪ್ಪು. ಮಾತ್ರೆ... ತಗೊಳ್ಳಿ." ಇಷ್ಟಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಜೊಲ್ಲು ಸುರಿಯಿತು. ಒಬ್ಬರೂ ಆಮೆನ್ ಎನ್ನಲಿಲ್ಲ.

ರೂತಮ್ಮ ಬಂದು ನನ್ನ ಬಾಯಿ ಒರೆಸಿದಳು. "ಹದಿನೈದು ದಿನದಿಂದ ತಲೆ ಸುತ್ತು ಕಣಕ್ಕ. ನಿಮಗಾಗಿದ್ದು ಶೋಧನೆ, ದೇವರ ಪರೀಕ್ಷೆ ಅಂದ್ಕೊಂಡೆ. ಹೇಳಿದ್ರೆ ನಂಬಿಕೆ ಕಮ್ಮಿ ಅಂತೀರೇನೋ ಅಂತ ಸುಮ್ನಿದ್ದೆ."

ಪಾಸ್ಟರ್ ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದರು.

ನನ್ನ ಬಲಗೈಗೆ ಇನ್ನೂ ಬಲ ಬಂದಿಲ್ಲ. ಬರುತ್ತದೆಂದು ಯಾರೂ ಹೇಳುತ್ತಿಲ್ಲ. ದಿನಾ ಬೆಳಿಗ್ಗೆ ರೂತಮ್ಮ ಫೋನ್ ಮಾಡುತ್ತಾಳೆ. "ನಾನು ನುಂಗಿದೆ ಅಕ್ಕ, ನೀವು?" ದೇವರಿಗೆ ಸ್ತೋತ್ರ ಎನ್ನಲು ಹೋಗುತ್ತೇನೆ, ಆ ಪದಕ್ಕೆ ನಾಲಿಗೆ ಇನ್ನೂ ತಿರುಗದು. "ಹೂಂ" ಎನ್ನುತ್ತೇನೆ.