ಬೂಟು ಬಿಚ್ಚಿ ಆಡುವ ಕಣ

ಕ್ಯಾಸಂಬಳ್ಳಿ ಕಡೆಯ ಸೊಣ್ಣಮ್ಮನಿಗೆ ಕ್ರಿಕೆಟ್ಟಿನ ತಲೆಬುಡ ಗೊತ್ತಿರಲಿಲ್ಲ. ಸಿಕ್ಸರ್ ಹೊಡೆದರೂ ಔಟಾದರೂ ಆಕೆಗೆ ಎರಡೂ ಒಂದೇ ಗಲಾಟೆ. ಆದರೂ ಅವಳ ಊರಿನ ಕ್ರಿಕೆಟ್ ಕ್ಲಬ್ಬಿನ ಕತೆಯನ್ನು ಅವಳಿಂದಲೇ ಶುರು ಮಾಡಬೇಕು. ಅಂಥ ಮೊಂಡು ಹೆಂಗಸು ಸುತ್ತಮುತ್ತ ಇನ್ನೊಬ್ಬಳಿರಲಿಲ್ಲ. ಗಂಡ ತೀರಿಕೊಂಡ ವರ್ಷವೇ ಸೀಮೆಹಸು ಕಟ್ಟಿ, ಬಸ್ಸಿನಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಾಲೋನಿಯ ಮನೆಮನೆಗೆ ಹಾಲು ಹಾಕಿ ಬರುತ್ತಿದ್ದಳು. ಮೂಗು ಮುರಿದವರಿಗೆ, "ನೀವು ಒತ್ಕೊಂಡು ಓಗ್ತೀರಾ? ಬನ್ನಿ, ಕೊಡ್ತೀನಿ" ಎನ್ನುತ್ತಿದ್ದಳು.

ಅದು ಎಂಬತ್ತರ ದಶಕದ ಆರಂಭ. ಒಂದು ಭಾನುವಾರ ಹಾಲು ಹಾಕಿ ಬರುವಾಗ ಟೌನಿನ ಕ್ಲಬ್ಬಿನ ಮೈದಾನದ ಮುಂದೆ ಅವಳ ಕಾಲುಗಳು ನಿಂತುಬಿಟ್ಟವು. ಟೌನಿನ ಆಟಗಾರರು ಪೆವಿಲಿಯನ್ನಿನ ನೆರಳಲ್ಲಿ ಊಟಕ್ಕೆ ಕೂತಿದ್ದರು. ಅವರ ಮೇಲೆ ಲೀಗ್ ಮ್ಯಾಚ್ ಆಡಲು ಬಂದಿದ್ದ ಅವಳ ಮೈದುನ ಕದಿರಪ್ಪ, ಊರ ತಂಡದ ಕ್ಯಾಪ್ಟನ್, ತನ್ನ ಹುಡುಗರ ಜೊತೆ ಗೇಟಿನಾಚೆ ಲಾರಿ ತೊಳೆಯುವ ನಲ್ಲಿಗೆ ಬೊಗಸೆ ಒಡ್ಡಿ ನಿಂತಿದ್ದ. ಒಳಗೆ ಮೆಂಬರುಗಳಿಗೆ ಮಾತ್ರ ಜಾಗವಂತೆ. ಹಾಗಂದವನು ಲೀಗಿನ ಸೆಕ್ರೆಟರಿ ಪೆರುಮಾಳ್. "ನಿಮ್ಮೂರಲ್ಲೂ ಒಂದು ಗ್ರೌಂಡ್ ಮಾಡ್ಕೊಳ್ಳಿ. ಆವಾಗ ನಾವು ಬಂದು ಆಚೆ ನಿಂತ್ಕೋತೀವಿ" ಎಂದು ನಕ್ಕಿದ್ದನಂತೆ.

ಸೊಣ್ಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂದು ಸಂಜೆಯೇ ಅರಳಿಕಟ್ಟೆಯ ಮುಂದೆ ನಿಂತು, "ನಮ್ ಮನೆ ಮಕ್ಳೇನು ದನಾನಾ? ಮಾಡಣ ಗ್ರೌಂಡು. ಯಾರು ಬತ್ತೀರೋ ಬನ್ನಿ, ಬರ್ದೆ ಇದ್ರೆ ನಾನೊಬ್ಳೇ ಅಗೀತೀನಿ" ಎಂದಳು.

ಒಬ್ಬಳನ್ನೇ ಅಗೆಯಲು ಬಿಟ್ಟರೆ ಊರಿನ ಮಾನ ಏನಾಗಬೇಕು? ಮಾರನೆಯ ದಿನದಿಂದ ಗುದ್ದಲಿ ಹಿಡಿದವರೆಲ್ಲ ಊರಾಚೆಯ ಗೋಮಾಳಕ್ಕೆ ಬಂದರು. ಜಾಲಿ ಕಡಿದರು, ಕಲ್ಲು ಆಯ್ದರು. ನೀಲಗಿರಿ ಗಳ ನೆಟ್ಟು, ತೆಂಗಿನ ಗರಿ ಹೊದಿಸಿ ದೊಡ್ಡ ಚಪ್ಪರ ಹಾಕಿದರು. ನೀರಿಗೆ ಗುಡಾಣ ಇಟ್ಟರು. ಪಿಚ್ಚು ಮಾಡುವುದು ಹೇಗೆಂದು ಯಾರಿಗೂ ತಿಳಿಯದು. ಆದರೆ ರಾಗಿ ಕಣ ಮಾಡುವುದು ಎಲ್ಲರಿಗೂ ಗೊತ್ತು. ಕೆರೆಯ ಜೇಡಿ ತಂದು ಹರಡಿ, ನೀರು ಚಿಮುಕಿಸಿ, ಕಣದ ಗುಂಡು ಉರುಳಿಸಿ, ಸಗಣಿ ಬಗ್ಗಡ ಸಾರಿಸಿದರು.

ಎಡವಟ್ಟಾದದ್ದು ಅಲ್ಲೇ. ಊರಿನ ಹಿರಿಯ ಅಶ್ವತ್ಥಪ್ಪ ಬೆಳಿಗ್ಗೆ ಬಂದು ನೋಡಿದ. ಅಷ್ಟು ಚಂದದ ಕಣ ಕಂಡು ಅವನ ಕೈ ಸುಮ್ಮನಿರಲಿಲ್ಲ. ಎತ್ತು ಕಟ್ಟಲು ನಟ್ಟನಡುವೆ ಮೇಟಿ ಕಂಬ ನೆಟ್ಟ, ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸಿ ಕಾಯಿ ಒಡೆದುಬಿಟ್ಟ. "ತಾತ, ಬಾಲ್ ಬೀಳೋ ಜಾಗ್ದಾಗೆ ಇದೇನು ಮಾಡ್ಬುಟ್ಟೆ!" ಎಂದು ಕದಿರಪ್ಪ ತಲೆ ಚಚ್ಚಿಕೊಂಡ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೇಟಿ ಕಿತ್ತು ಗುಂಡಿ ಮುಚ್ಚಿದರು. ಆದರೆ ಪೂಜೆಯಾದ ಮೇಲೆ ಅದು ಕಣವೇ ಆಯಿತಲ್ಲ, ಕಣಕ್ಕೆ ಚಪ್ಪಲಿ ಮೆಟ್ಟಿ ಕಾಲಿಡುವವರು ಯಾರು? ಹುಡುಗರು ಬರಿಗಾಲಲ್ಲೇ ಆಡತೊಡಗಿದರು.

ಪೆರುಮಾಳ್ ಗ್ರೌಂಡ್ ನೋಡಲು ಬಂದ. ಅವನು ಒಪ್ಪಿದರೆ ಲೀಗಿನ ಮ್ಯಾಚು ಈ ಊರಿಗೆ. ಸ್ವಂತ ಗ್ರೌಂಡಿಲ್ಲದ ತಂಡಗಳನ್ನು ಆ ವರ್ಷ ಲೀಗಿನಿಂದ ತೆಗೆಯುವವರಿದ್ದರು. ಚಪ್ಪರ ನೋಡಿದ, ತಲೆಯಾಡಿಸಿದ. "ಪರವಾಗಿಲ್ಲಪ್ಪಾ" ಎನ್ನುತ್ತ ಪಿಚ್ಚಿನ ಮೇಲೆ ಕಾಲಿಡಲು ಹೋದ.

"ಬೂಟು ಬಿಚ್ಚಿ ಬನ್ನಿ ಸ್ವಾಮಿ. ಅದು ಕಣ" ಎಂದಳು ಸೊಣ್ಣಮ್ಮ.

"ಎನ್ನಮ್ಮಾ ಇದು! ಬೂಟಿಲ್ದೆ ಲೀಗ್ ಮ್ಯಾಚ್ ಆಡಕ್ಕಾಗತ್ತಾ? ಬೂಟು ಇದ್ರೆ ಮ್ಯಾಚ್, ಇಲ್ಲಾಂದ್ರೆ ಇಲ್ಲ."

ಕದಿರಪ್ಪ ಅವಳನ್ನು ಪಕ್ಕಕ್ಕೆ ಕರೆದ. "ಅತ್ಗೆ, ನಿಮ್ ಕಾಲಿಗೆ ಬೀಳ್ತೀನಿ, ಇದೊಂದು ಬಿಟ್ಬುಡಿ. ಇವ್ನು ಓದ್ರೆ ಟೀಮೇ ಓಯ್ತದೆ."

ಸೊಣ್ಣಮ್ಮನ ಕಣ್ಣು ತುಂಬಿತು. ಯಾವ ಹುಡುಗರಿಗಾಗಿ ಇಷ್ಟೆಲ್ಲ ಮಾಡಿದಳೋ ಅವರ ಆಟವನ್ನೇ ಕಳೆಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ದನಿ ತಗ್ಗಿಸಲಿಲ್ಲ. "ಅವ್ನ ಗ್ರೌಂಡಾಗೆ ಅವ್ನ ರೂಲ್ಸು ಅಂತ ನಲ್ಲಿ ನೀರು ಕುಡ್ಕೊಂಡು ಬಂದ್ಯಲ್ಲ. ಇದು ನಮ್ ಗ್ರೌಂಡು ಕಣಪ್ಪಾ. ನಮ್ಗೂ ಒಂದು ರೂಲ್ಸು ಬ್ಯಾಡ್ವಾ?"

ಪೆರುಮಾಳ್ ಸ್ಕೂಟರ್ ಹತ್ತಿ ಹೊರಟುಹೋದ. ಲೀಗಿನಿಂದ ಊರಿನ ಹೆಸರೂ ಹೋಯಿತು.

ಊರಿಗೆ ಊರೇ ಸೊಣ್ಣಮ್ಮನಿಗೆ ಶಾಪ ಹಾಕಿತು. ಕದಿರಪ್ಪ ಮಾತು ಬಿಟ್ಟ. ಆಕೆ ಮಾತ್ರ ಹಾಲಿಗೆ ಹೊರಡುವ ಮುಂಚೆ ಕಣ ಗುಡಿಸಿ, ಗುಡಾಣ ತುಂಬಿಸಿ ಹೋಗುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಕದಿರಪ್ಪನೇ ಬಂದು ಅವಳ ಕೈಯಿಂದ ಪೊರಕೆ ಕಿತ್ತುಕೊಂಡ. "ಲೀಗ್ ಓದ್ರೆ ಓಗ್ಲಿ ಅತ್ಗೆ, ನಾವೇ ಟೂರ್ನಮೆಂಟ್ ಮಾಡಣ" ಎಂದ.

ಮಾಡಿಯೇ ಮಾಡಿದರು. ಮೊದಲು ಅಕ್ಕಪಕ್ಕದ ಹಳ್ಳಿಗಳು ಬಂದವು. ಆಮೇಲೆ ಗಣಿ ಕಾಲೋನಿಯ ಹುಡುಗರೂ ಬಂದರು. ಬೌಂಡರಿಯ ಆಚೆ ಬೂಟು, ಚಪ್ಪಲಿಗಳ ಸಾಲು ವರ್ಷ ವರ್ಷವೂ ಉದ್ದವಾಯಿತು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಗಣಿ ಕಡೆಯ ಕೋರಮಂಡಲ್ ತಂಡದ ಜೊತೆ ಪೆರುಮಾಳ್ ಬಂದಿಳಿದ. ತಲೆ ನರೆತಿತ್ತು. ಯಾರೂ ಹೇಳಲಿಲ್ಲ, ತಾನೇ ಬೂಟು ಬಿಚ್ಚಿ ಸಾಲಿನಲ್ಲಿಟ್ಟ. ಊಟದ ಹೊತ್ತಿಗೆ ಎಲ್ಲರೂ ಚಪ್ಪರದೊಳಗೆ ಹೋದರೂ ಅವನು ಮಾತ್ರ ಬಿಸಿಲಲ್ಲಿ, ಆಚೆಯೇ ನಿಂತಿದ್ದ.

ಸೊಣ್ಣಮ್ಮ ಅವನನ್ನು ಕ್ಷಮಿಸಿದಳು ಎಂದುಕೊಳ್ಳಬೇಡಿ. ಕ್ಷಮಿಸುವವರ ಪೈಕಿಯಲ್ಲ ಅವಳು. ಮಜ್ಜಿಗೆ ಚೊಂಬು ಹಿಡಿದು ನೇರ ಅವನ ಮುಂದೆ ಬಂದು ನಿಂತಳು.

"ಒಳಕ್ಕೆ ಬನ್ನಿ ಸ್ವಾಮಿ" ಎಂದಳು. "ನಮ್ಮಲ್ಲಿ ಮೆಂಬ್ರುಗಳು ಅಂತ ಯಾರೂ ಇಲ್ಲ."