ಒಂದೇ ಬೇನೆಯ ಇಬ್ಬರು

ಆಗ ನನಗೆ ಇಪ್ಪತ್ತಾರು ವರ್ಷ. ಅಂಚೆ ಇಲಾಖೆಯಲ್ಲಿದ್ದ ನಮ್ಮ ಯಜಮಾನರಿಗೆ ಧಾರವಾಡದ ಕಡೆಯಿಂದ ನಾಗಪುರಕ್ಕೆ ವರ್ಗವಾಗಿ, ಅಲ್ಲಿನ ಮಹಾಲ್ ಎಂಬ ಹಳೇ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದೆವು. ಮಗಳಿಗೆ ಮೊಲೆ ಬಿಡಿಸಿ ನಾಲ್ಕು ತಿಂಗಳಾಗಿತ್ತು. ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ನೋವಿರಲಿಲ್ಲ. ಹಾಲು ಗಟ್ಟಿಕಟ್ಟಿರಬೇಕೆಂದು ಕೆಳಗಿನ ಮನೆಯ ಮರಾಠಿ ಅಜ್ಜಿ ಬಿಸಿ ಬಟ್ಟೆಯ ಶಾಖ ಹೇಳಿದರು. ಶಾಖ ಕೊಡುತ್ತಲೇ ಮಳೆಗಾಲ ಕಳೆಯಿತು. ದಸರೆಯ ಹೊತ್ತಿಗೆ ಅದು ಅಡಿಕೆಯಷ್ಟಾಗಿ, ಕಂಕುಳಲ್ಲೂ ಒಂದು ಗಂಟು ಮೂಡಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷಿಸಿದ್ದು ನನ್ನನ್ನು. ಮಾತಾಡಲು ಒಳಗೆ ಕರೆದದ್ದು ಯಜಮಾನರನ್ನು. ಹೊರಗೆ ಬಂದವರು ಆಪರೇಶನ್ ಆಗಬೇಕೆಂದಷ್ಟೇ ಹೇಳಿದರು. ಟಾಂಗಾ ಹತ್ತಿದ ಮೇಲೆ ನಾನೇ ಕೇಳಿದೆ.

"ಖರೇ ಹೇಳ್ರಿ. ಡಾಕ್ಟರು ಏನಂದ್ರು?"

"ವಯಸ್ಸು ಸಣ್ಣದು ಅಂದ್ರು."

"ಅದು ಚಲೋನೇ ಅಲ್ಲೇನ್ರಿ?"

ಟಾಂಗಾ ಗಾಂಧಿಬಾಗ್ ಪೇಟೆಯ ಗದ್ದಲ ದಾಟಿತು. ಆಮೇಲೆ, ಟಾಂಗಾವಾಲಾನಿಗೆ ಕನ್ನಡ ತಿಳಿಯದಿದ್ದರೂ ದನಿ ತಗ್ಗಿಸಿ ಹೇಳಿದರು: "ಈ ಬ್ಯಾನಿಗೆ ಸಣ್ಣ ವಯಸ್ಸು ಚಲೋ ಅಲ್ಲಂತ. ಜಲ್ದಿ ಹಬ್ಬತೈತಂತ."

ಆಪರೇಶನ್ ದಿನ ಮೂಗಿನ ಮೇಲೆ ಬಟ್ಟೆಯಿಟ್ಟು ಎಣಿಸೆಂದರು. ಮರಾಠಿಯಲ್ಲಿ ಶುರುಮಾಡಿದವಳು ಕನ್ನಡಕ್ಕೆ ಜಾರಿದ್ದು ನೆನಪಿದೆ. ಅಂಕಿಗಳು ಒಂದೊಂದಾಗಿ ಹತ್ತಿಯ ಅರಳೆಯ ಹಾಗೆ ಮೇಲಕ್ಕೆ ತೇಲಿದವು. ಎಲ್ಲೋ ಮಗಳು ನಗುತ್ತಿದ್ದಳು, ನಾನು ಬೆಳ್ಳಗಿನ ಬಯಲಲ್ಲಿ ಕಾಲಿಲ್ಲದೆ ನಡೆಯುತ್ತಿದ್ದೆ. ಎಚ್ಚರಾದಾಗ ಎಡಗಡೆ ಎದೆಯಿರಲಿಲ್ಲ. ದಪ್ಪ ಪಟ್ಟಿಯ ಕೆಳಗೆ ಆ ಜಾಗ ನನ್ನದಲ್ಲವೆಂಬಂತೆ ಸುಮ್ಮನಿತ್ತು.

ಪಕ್ಕದ ಮಂಚದ ಮೇಲೆ ನನಗಿಂತ ಎರಡು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಕನ್ಹಾನ್ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವ ಮನೆಯ ಸೊಸೆ. ಅದೇ ಬೇನೆ, ಅದೇ ಆಪರೇಶನ್. ಆದರೆ ಅವಳ ಗಂಟು ಚಿಕ್ಕದು, ಕಂಕುಳಿಗೆ ಹಬ್ಬಿರಲಿಲ್ಲ. ಅವಳ ಮಂಚದ ಹತ್ತಿರ ಡಾಕ್ಟರು ನಗುತ್ತ ನಿಲ್ಲುತ್ತಿದ್ದರು. ನನ್ನ ಹತ್ತಿರ ಏನೋ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಅದು ಅವಳಿಗೂ ತಿಳಿದಿತ್ತು. ಅವರು ಹೋದ ಮೇಲೆ ಬೇಕೆಂದೇ ಹೊಳೆಯ ಕತೆ ತೆಗೆಯುತ್ತಿದ್ದಳು: ಬೇಸಿಗೆಯಲ್ಲಿ ಬಳ್ಳಿಗಳ ನಡುವೆ ಮಲಗಿದರೆ ಕಾಯಿ ದಪ್ಪವಾಗುವ ಸದ್ದು ಕೇಳುತ್ತದೆಂದು. ನಾನು ನಂಬಿದೆ.

ಗಾಯ ಮಾಯ್ದ ಮೇಲೆ ಇಬ್ಬರನ್ನೂ ಯಂತ್ರದ ಕೆಳಗೆ ಮಲಗಿಸಿ ಕಿರಣ ಹಾಯಿಸಿದರು. ವಾರ್ಡಿನಲ್ಲಿ ಎಲ್ಲರೂ ಅದನ್ನು ಮರಾಠಿಯಲ್ಲಿ 'ಶೇಕ್', ಅಂದರೆ ಶಾಖ, ಎನ್ನುತ್ತಿದ್ದರು. ಯಂತ್ರ ಗುಂಯ್ ಎನ್ನುವಾಗ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಬ್ಬು ಕವಿಯುತ್ತಿತ್ತು. ಚರ್ಮ ಕಪ್ಪಾಗಿ ಸುಲಿಯಿತು. ಆಮೇಲೆ ಇಬ್ಬರಿಗೂ ಇನ್ನೊಂದು ಆಪರೇಶನ್ ಮಾಡಿ, ಹೊಟ್ಟೆ ಕೊಯ್ದು ಅಂಡಾಶಯಗಳನ್ನೂ ತೆಗೆದರು. ಹರೆಯದ ಕಸುವೇ ಈ ಬೇನೆಗೆ ಮೇವು, ಅದನ್ನು ನಿಲ್ಲಿಸಬೇಕೆಂದರು. ನನ್ನ ಮುಟ್ಟು ನಿಂತಿತು. ಚಳಿಗಾಲದಲ್ಲೂ ಬೆವರು ಕಿತ್ತುಬರುತ್ತಿತ್ತು. ಊರಿಂದ ಬಂದಿದ್ದ ಅತ್ತೆಯವರು, ನನ್ನ ಕೈ ಮೇಲೇಳುವವರೆಗೆ, ದಿನಾ ತಲೆ ಬಾಚಿ ಹೆರಳು ಹಾಕಿದರು. ಒಂದು ಮೊಮ್ಮಗು ಸಾಕೆಂದು ಅವರಾಗಿಯೇ ಹೇಳಿದ ದಿನ ನಾನು ಅತ್ತುಬಿಟ್ಟೆ.

ಮುಂದಿನ ಚಳಿಗಾಲದ ತಪಾಸಣೆಯಲ್ಲಿ ಡಾಕ್ಟರು ನನ್ನ ಕಂಕುಳು, ಕೊರಳು ಬಹಳ ಹೊತ್ತು ಒತ್ತಿ ನೋಡಿ ಇನ್ನೊಬ್ಬ ಡಾಕ್ಟರನ್ನೂ ಕರೆದರು. ಎಲ್ಲಿಯೂ ಏನೂ ಸಿಗಲಿಲ್ಲ. ಅದೇ ದಿನ ಅವಳೂ ಬಂದಿದ್ದಳು, ಸೊಂಟ ಹಿಡಿದುಕೊಂಡು. ಬುಟ್ಟಿ ಎತ್ತಿ ಉಳುಕಿರಬೇಕೆಂದು ನಗುತ್ತಲೇ ಹೇಳಿದಳು. ಉಳುಕಾಗಿರಲಿಲ್ಲ, ಬೇನೆ ಎಲುಬಿಗೆ ಇಳಿದಿತ್ತು. ಹೋಳಿ ಹುಣ್ಣಿಮೆಗೆ ಮುಂಚೆಯೇ ಹೋಗಿಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಡಾಕ್ಟರನ್ನು ನೇರವಾಗಿ ಕೇಳಿದೆ, ಉಳಿಯಬೇಕಾದವಳು ಅವಳಲ್ಲವೇ ಎಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಾವೂ ಹಾಗೆಯೇ ಎಣಿಸಿದ್ದಾಗಿ ಒಪ್ಪಿಕೊಂಡು ಹಿಂದಿಯಲ್ಲಿ ಹೇಳಿದರು: ಒಂದೇ ಉಪಚಾರ ನಿನ್ನ ಮೈಗೆ ಒಗ್ಗಿತು, ಅವಳ ಮೈಗೆ ಒಗ್ಗಲಿಲ್ಲ, ಯಾಕೆಂದು ನನಗೆ ಗೊತ್ತಿಲ್ಲ ತಾಯಿ.

ಬೇಸಿಗೆಯ ಬಿಸಿಲು ಏರಿದ ಮೇಲೆ ಯಜಮಾನರೊಡನೆ ಪ್ಯಾಸೆಂಜರ್ ಗಾಡಿಯಲ್ಲಿ ಅವಳ ಊರು ಕನ್ಹಾನಿಗೆ ಹೋದೆ. ಅವಳ ಅತ್ತೆ ನನ್ನನ್ನು ಗುಡಿಸಲ ನೆರಳಲ್ಲಿ ಕೂರಿಸಿ, ಅದೇ ಡಾಕ್ಟರೇ, ಅದೇ ಶೇಕೇ ಎಂದು ಕೇಳಿದರು. ಹೌದೆಂದೆ. ಬದುಕಿದ್ದಕ್ಕೆ ಬೈಸಿಕೊಳ್ಳಲು ಬಂದವಳ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಮುದುಕಿ ನನ್ನ ಗದ್ದ ಎತ್ತಿ ಮುಖ ನೋಡಿ, ಬಿಸಿಲಲ್ಲಿ ಬಂದಿದ್ದೀ ಎಂದು ಕಲ್ಲಂಗಡಿ ಹೆಚ್ಚಿಕೊಟ್ಟರು. ತಿಂದೆ. ಸಿಹಿಯಾಗಿತ್ತು.

ಆಮೇಲೆ ಉಸುಕಿಗಿಳಿದು ಬಳ್ಳಿಗಳ ನಡುವೆ ಕಿವಿಗೊಟ್ಟು ಸ್ವಲ್ಪ ಹೊತ್ತು ಮಲಗಿದೆ. ಯಜಮಾನರು ಕೊಡೆ ಹಿಡಿದು ಪಕ್ಕದಲ್ಲಿ ಕೂತರು.