ಅರ್ಜಿಯಲ್ಲಿ ನನ್ನ ಎಮ್ಮೆ ಇರಲಿಲ್ಲ

"ನೌಕರಿ ಇಲ್ಲದವನ ಮನಿಗೆ ಮಗಳನ್ನ ಕಳಸಂಗಿಲ್ಲ" ಅಂತ, ತವರಿಗೆ ಹೋದ ಹೆಂಡತಿಯನ್ನ ಕರೆತರಾಕ ಹೋದಾಗ, ಕುರುಗೋಡಿನ ಮಾವ ಕಡ್ಡಿ ಮುರಿದಂಗ ಹೇಳಿಬಿಟ್ಟ. ಸಿರುಗುಪ್ಪದ ಅಕ್ಕಿ ಗಿರಣಿಗೆ ಅರ್ಜಿ ಬರೆಸಾಕ ಬಳ್ಳಾರಿಗೆ ಹೋದೆ. ನಮಗೆಲ್ಲಿ ಓದು ಬರಹ? ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗಿದ್ದ ಟೈಪಿಸ್ಟ್ ಹತ್ತಿರ ಕುಂತು ನನ್ನ ಪರಾಕ್ರಮ ಬಿಚ್ಚಿದೆ.

"ತುಂಗಭದ್ರಾ ತುಂಬಿ ಹರಿಯಾಗ ಎಮ್ಮಿ ಹೆಗಲ ಮ್ಯಾಲೆ ಹೊತ್ತು ದಾಟೀನ್ರಿ. ಬರಕೊಳ್ರಿ!"

"ಗಿರಣ್ಯಾಗ ಎಮ್ಮಿ ಅದಾವೇನು? ದಿನಾ ಏನ್ ಮಾಡ್ತಿ, ಅದನ್ನ ಹೇಳಪಾ."

"ದಿನಾನಾ? ಸುಗ್ಗ್ಯಾಗ ದಬ್ಬಣ ಹಿಡಿದು ಭತ್ತದ ಚೀಲದ ಬಾಯಿ ಹೊಲೀತೀನಿ. ಅದೂ ಒಂದು ಹೇಳೋ ಮಾತೇನ್ರಿ?"

ಟಕಟಕ ಅಂತ ಅದನ್ನೇ ಹೊಡೆದು, ಓದಿ ಹೇಳಿದ. ಎಮ್ಮೆ, ಹೊಳೆ ಎರಡನ್ನೂ ಬಿಟ್ಟ! "ನನ್ನ ಸಂಸಾರ ಮುಳುಗಿಸಿಬಿಟ್ರಲ್ರಿ!" ಅಂದೆ.

ಮರುದಿನ ಗಿರಣಿ ಸಾವ್ಕಾರ್ರು ಅರ್ಜಿ ಓದಿ, ಕೈಗೆ ದಬ್ಬಣ ಕೊಟ್ಟು ಒಂದು ಚೀಲ ಹೊಲಿಸಿದರು. ಅದನ್ನು ತಲೆಕೆಳಗು ಮಾಡಿ ಜಾಡಿಸಿದರು. ಒಂದು ಕಾಳೂ ಉದುರಲಿಲ್ಲ.

"ನಾಳಿಂದ ಬಾರಲೇ" ಅಂದರು.

ಹೊಳೆ ದಾಟಿದ ಗಂಡಸಿಗೆ ಹೊಲಿಗೆಯಿಂದ ನೌಕರಿ!

ಹೆಂಡತಿ ಮನೆಗೆ ಬಂದಳು, ಸರಿ. ಆದರೂ ಆ ಟೈಪಿಸ್ಟ್ ಪೂರ್ತಿ ಕೇಳಬೇಕಿತ್ತು. ಆ ಎಮ್ಮೆ ಗಬ್ಬ ಬೇರೆ ಇತ್ತು.